ಎರಡು ಹೊತ್ತಿನ ನೀರು

ಜುಲೈ 4

ಇವರು ಬಿದ್ದರು. ಮರದಿಂದಲ್ಲ, ಏಣಿಯ ಕೊನೆಯ ಮೆಟ್ಟಿಲಿನಿಂದ. ನೆಲ ಬಂತೆಂದು ಕಾಲಿಟ್ಟರಂತೆ, ನೆಲ ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು. ತೊಡೆಯ ಮೂಳೆ ಮುರಿದಿದೆ, ನಾಳೆ ಆಪರೇಷನ್ ಮಾಡಿ ರಾಡು ಹಾಕುತ್ತಾರಂತೆ. ಇಷ್ಟು ವರ್ಷ ಮರ ಹತ್ತಿ ಇಳಿದ ಮನುಷ್ಯ, ಬೀಳುವುದಕ್ಕೆ ಒಂದಡಿ ಎತ್ತರ ಹುಡುಕಿಕೊಂಡರು.

ಬಿದ್ದದ್ದೂ ಎಲ್ಲಿ? ಆಚೆಮನೆಯ ಅಂಗಳದಲ್ಲಿ. ಆ ಮನೆಯ ಮಹಾರಾಯ್ತಿ, ಅಂದರೆ ನನ್ನ ಓರಗಿತ್ತಿ, ಗೋಡೆಯಾಚೆಯಿಂದ "ಬೇಗ ಬಾ, ಇವನು ಬಿದ್ದಿದಾನೆ" ಎಂದು ಕೂಗಿದಳು. ಮನೆ ಪಾಲಾಗಿ ಆರು ವರ್ಷವಾಯಿತು, ಅಂದಿನಿಂದ ನನಗೆ ಆಡಿದ ಮೊದಲ ಮಾತು ಅದು. ನಾನು ಓಡಿದೆ. ಆ ಅಂಗಳಕ್ಕೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದೆ. ಗಂಡನನ್ನು ಎತ್ತಿಕೊಂಡು ಬರಲು ಹೋದದ್ದು ಲೆಕ್ಕಕ್ಕಿಲ್ಲ. ವ್ಯಾನು ಬರುವವರೆಗೆ ಇವರ ತಲೆ ಅವಳ ಮಡಿಲಲ್ಲಿತ್ತು. ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಜುಲೈ 9

ಆಚೆಮನೆಯ ಭಾವ ಬಂದು ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದರು. ಭಾವ ದೂರದ ಊರುಗಳಿಗೆ ಬಸ್ಸು ಓಡಿಸುತ್ತಾರೆ, ವಾರಕ್ಕೆ ಒಂದು ದಿನ ಮನೆಯಲ್ಲಿರುತ್ತಾರೆ. ಅಣ್ಣತಮ್ಮಂದಿರಿಗೆ ಮಾತುಕತೆ ಚೆನ್ನಾಗಿಯೇ ಇದೆ. ಮಾತು ಬಿಟ್ಟಿರುವುದು ನಾವಿಬ್ಬರೇ, ಅವರಿಬ್ಬರ ಪರವಾಗಿ.

ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು ಹಾಕಿದೆ. ಅಲ್ಲಿಂದ ಗೋಡೆಯ ಮೇಲೆ ಸಪೋಟ ಮರದ ತಲೆ ಕಾಣುತ್ತದೆ. ಇವರಿಗೆ ಕಾಲಿನ ಚಿಂತೆಯಿಲ್ಲ, ಕಸಿ ಕಟ್ಟಿದ ಕುಂಡಗಳ ಚಿಂತೆ. ಮಲಗಿದಲ್ಲೇ ನನಗೆ ಪಾಠ ಮಾಡಿದರು, ನಾನು ಈ ನರ್ಸರಿಗೆ ನಿನ್ನೆ ಬಂದವಳ ಹಾಗೆ. ಸಸಿಯ ಪಕ್ಕದ ತೊಗಟೆ ಹೆರೆದು, ಮರದ ಎಳೆ ರೆಂಬೆಯ ತೊಗಟೆಯನ್ನೂ ಅಷ್ಟೇ ಹೆರೆದು, ಎರಡನ್ನೂ ಮುಖಕ್ಕೆ ಮುಖ ಸೇರಿಸಿ ಪಟ್ಟಿ ಸುತ್ತಿದ್ದೇನೆ ಅಂದರು. ಗಾಯ ಕೂಡುವವರೆಗೆ ಎರಡಕ್ಕೂ ಜೀವ ಬೇಕು. ಕೂಡಿದ ಮೇಲೆ ರೆಂಬೆಯನ್ನು ಮರದಿಂದ ಬಿಡಿಸಬೇಕು, ಸಸಿಯ ತಲೆ ತೆಗೆಯಬೇಕು. ಆಗ ಬೇರು ಸಸಿಯದು, ಹಣ್ಣು ಮರದ್ದು. ಅಲ್ಲಿಯವರೆಗೆ ದಿನಾ ನೀರು. ಹಾಕುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡಬೇಕು, ಒದ್ದೆ ಇದ್ದರೆ ಹಾಕಬಾರದು.

ಗೊತ್ತು ಅಂದೆ. ಮಣ್ಣು ಕಲಸುವುದು, ಬೀಜ ಹಾಕುವುದು, ನೆರಳು ಕಟ್ಟುವುದು, ಗೆದ್ದಲು ಓಡಿಸುವುದು ಎಲ್ಲ ನನ್ನ ಕೆಲಸ. ಚಾಕು ಮಾತ್ರ ಇವರದು. ಅದನ್ನು ಇವತ್ತಿಗೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ, ಕಳ್ಳ ಬರುತ್ತಾನೆ ಅನ್ನುವ ಹಾಗೆ.

ಕುಂಡಗಳಿರುವುದು ಅವರ ಅಂಗಳದಲ್ಲಿ, ರೆಂಬೆಗಳ ಎತ್ತರಕ್ಕೆ ಇವರು ಕಟ್ಟಿದ ಬಿದಿರಿನ ಅಟ್ಟಣೆಯ ಮೇಲೆ. ಮರ ಅತ್ತೆ ನೆಟ್ಟದ್ದು, ಪಾಲಿನಲ್ಲಿ ಆ ಕಡೆ ಹೋಯಿತು. ಹಣ್ಣು ನೋಡಲು ಆಲೂಗಡ್ಡೆ, ಒಮ್ಮೆ ತಿಂದವರು ಮಾತ್ರ ವಿಳಾಸ ಕೇಳಿಕೊಂಡು ಬರುತ್ತಾರೆ. ನಮ್ಮ ನರ್ಸರಿ ನಿಂತಿರುವುದೇ ಅದರ ಕಸಿಯ ಮೇಲೆ. ಪಾಲಿನ ದಿನ ಮರ ನಮಗಿರಲಿ ಎಂದು ನಾನು ಕೇಳಿದ್ದಕ್ಕೆ ಅವಳು ಎಲ್ಲರ ಮುಂದೆ ಹೇಳಿದ್ದು, "ಗಿಡ ಮಾರೋರಿಗೆ ಮರ ಯಾಕೆ?" ಅವಳು ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ. ಹೊಲಿಯೋರಿಗೆ ಯಾಕೋ ಎಂದು ನಾನೂ ಕೇಳಿದೆ. ಅಲ್ಲಿಗೆ ಮಾತು ಮುಗಿಯಿತು.

ಈಗ ಆ ಮರದ ಬೇರು ಅವರ ನೆಲದೊಳಗಿನ ನೀರಿನ ತೊಟ್ಟಿಯನ್ನು ಸೀಳಿದೆ. ಸೆಪ್ಟೆಂಬರ್ ಕೊನೆಗೆ ಮೇಸ್ತ್ರಿ ಬಂದು ಮರ ಕಡಿದು ಹೊಸ ತೊಟ್ಟಿ ಕಟ್ಟುತ್ತಾನಂತೆ. ಇಷ್ಟು ವರ್ಷದಲ್ಲಿ ಮಾರಿದ ಕಸಿಗಳು ಎಲ್ಲೆಲ್ಲಿ ಹೋಗಿವೆಯೋ. ನಮಗೆಂದು ಒಂದನ್ನೂ ನೆಟ್ಟುಕೊಳ್ಳಲಿಲ್ಲ. ಮರವೇ ಪಕ್ಕದಲ್ಲಿರುವಾಗ ಯಾರು ನೆಡುತ್ತಾರೆ? ಹಾಗಾಗಿ ಆ ಅಟ್ಟಣೆಯ ಮೇಲಿನ ಎರಡು ಡಜನ್ ಕುಂಡಗಳೇ ಇನ್ನು ಎಲ್ಲ. ಇವು ಕೂಡದಿದ್ದರೆ ಆ ಹಣ್ಣಿಗೆ ಕೈ ಮುಗಿದ ಹಾಗೆ.

ಜುಲೈ 10

ದಾರಿ ಸಿಕ್ಕಿತು. ಆ ಬಿದಿರಿನ ಅಟ್ಟಣೆ ಗೋಡೆಗೆ ಒತ್ತಿಕೊಂಡೇ ಇದೆ. ನಮ್ಮ ಕಡೆ ಸ್ಟೂಲ್ ಹಾಕಿ ನಿಂತು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಎಲ್ಲ ಕುಂಡಕ್ಕೂ ಬೀಳುತ್ತದೆ. ಅವಳು ಕಾರ್ಖಾನೆಯಿಂದ ಬರುವುದರೊಳಗೆ, ಸಂಜೆ ಮುಗಿಸಿಬಿಡುತ್ತೇನೆ. ಬೆರಳಿಟ್ಟು ನೋಡಲು ಕೈ ಎಟುಕುವುದಿಲ್ಲ. ಪರವಾಗಿಲ್ಲ, ಮಳೆಯೇ ಇಲ್ಲದ ವರ್ಷ, ಒದ್ದೆ ಎಲ್ಲಿಂದ ಬರಬೇಕು.

ಗೋಡೆಯ ನಡುವಿನ ಸಣ್ಣ ಬಾಗಿಲಿಗೆ ಚಿಲಕ ಹಾಕಿದೆ. ಇವರು ಓಡಾಡುತ್ತಿದ್ದಾಗ ಸದಾ ತೆರೆದೇ ಇರುತ್ತಿತ್ತು. ಇನ್ನು ಯಾರಿಗೂ ಬೇಕಿಲ್ಲ.

ಜುಲೈ 26

ಮೂರು ಕುಂಡಗಳ ಎಲೆಗಳು ಹಳದಿಯಾಗಿವೆ. ಒಂದರದು ಉದುರಿದೆ. ದಿನವೂ ತಪ್ಪದೆ ನೀರು ಹಾಕಿದ್ದೇನೆ. ಇವರಿಗೆ ಹೇಳಿಲ್ಲ.

ಇವರು ಊಟ ಅರ್ಧಕ್ಕೆ ಬಿಡುತ್ತಾರೆ. ಸುಮ್ಮನೆ ಮರ ನೋಡುತ್ತಾರೆ.

ಜುಲೈ 27

ಎಷ್ಟು ದಿನ ಮುಚ್ಚಿಡುವುದು, ಹೇಳಿದೆ. ಸತ್ತದ್ದನ್ನು ಬಿಡಿಸಿಕೊಂಡು ಬಾ ಅಂದರು. ಅವಳು ಕೆಲಸಕ್ಕೆ ಹೋದ ಮೇಲೆ ಚಿಲಕ ತೆಗೆದು ಹೋದೆ. ಕೆಲಸದ ಮೇಲೆ ಹೋದದ್ದು, ಇದೂ ಲೆಕ್ಕಕ್ಕಿಲ್ಲ. ಅಟ್ಟಣೆಯ ಮೇಲೆ ಕೆಲವು ಕಡೆ ಇವರು ಸುತ್ತಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನೀಲಿ ಬಟ್ಟೆಯ ಅಂಚು ಬಿಗಿಯಾಗಿ ಸುತ್ತಿದೆ. ಯಾವಾಗ ಸುತ್ತಿದರೋ ಇವರು, ಇಷ್ಟು ನೀಟಾಗಿ.

ಕುಂಡವನ್ನು ಮಂಚದ ಮೇಲೆ ಹಳೆ ಪೇಪರ್ ಹಾಸಿ ಬೋರಲು ಹಾಕಿದೆವು. ಬೇರು ಕಪ್ಪಾಗಿತ್ತು, ಕೊಳೆತ ಮೋರಿಯ ವಾಸನೆ. ಇವರು ಬೇರನ್ನು ಎರಡು ಬೆರಳಲ್ಲಿ ಎಳೆದರು, ಸಿಪ್ಪೆ ಕೈಗೆ ಬಂತು. "ನೀರಲ್ಲಿ ಮುಳುಗಿಸಿ ಕೊಂದಿದೀಯ" ಅಂದರು. ನಾನು ಹಾಕಿದ್ದು ಅಳತೆಯ ನೀರು ಅಂದೆ. ಅಳತೆ ಹಾಗಿದ್ದರೆ ಬೇರು ಹೀಗೇಕೆ ಅಂದರು. ನನ್ನ ಕೈಯಲ್ಲಿ ಒಂದು ಸಸಿ ಸತ್ತದ್ದು ನೀವು ಯಾವತ್ತಾದರೂ ನೋಡಿದ್ದೀರಾ ಎಂದು ನಾನೂ ರೇಗಿದೆ. ಇವರು ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಮಣ್ಣನ್ನು ನಾನೇ ಗೋರಿ ಹಾಕಿದೆ.

ಸಂಜೆ ನೀರು ಹಾಕಲಿಲ್ಲ. ನೋಡೋಣ.

ಜುಲೈ 28

ಮಧ್ಯಾಹ್ನ ಮತ್ತೆ ಹೋಗಿ ಬೆರಳಿಟ್ಟೆ. ಎಲ್ಲ ಕುಂಡವೂ ಹಸಿ. ನಿನ್ನೆ ನಾನು ಹನಿ ನೀರೂ ಹಾಕಿಲ್ಲ.

ಯಾರೋ ಹಾಕುತ್ತಿದ್ದಾರೆ. ಯಾರೋ ಏನು, ಅವಳೇ. ವಿಷ ಹಾಕಿದರೆ ಸಿಕ್ಕಿಬೀಳುತ್ತೇನೆ ಎಂದು ನೀರು ಹಾಕಿ ಕೊಲ್ಲುವ ಬುದ್ಧಿ. ಮರ ಹೇಗೂ ಕಡಿಸುತ್ತಾಳೆ, ಮರಿಗಳೂ ಬೇಡವೇನೋ. ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆದರೆ ಪುಟ ಸುಟ್ಟುಹೋಗುತ್ತದೆ. ನಾಳೆ ಬೆಳಿಗ್ಗೆ ಕೈಯಾರೆ ಹಿಡಿಯುತ್ತೇನೆ, ಕೇರಿಯವರೆಲ್ಲ ಕೇಳುವ ಹಾಗೆ ಕೇಳುತ್ತೇನೆ.

ಜುಲೈ 29

ಬಚ್ಚಲುಮನೆಯ ಕಿಟಕಿಯಿಂದ ನೋಡಿದೆ.

ಅವಳು ಮೊದಲು ಬೀದಿ ನಲ್ಲಿಯಿಂದ ಕೊಡ ಹೊತ್ತು ತಂದಳು. ತೊಟ್ಟಿ ಸೋರುತ್ತದಲ್ಲ, ಅವರ ಮನೆಗೆ ಈಗ ಅದೇ ನೀರು. ಕೊಡ ಇಳಿಸಿ, ಸ್ಟೂಲ್ ತಂದು, ಮಂಡಿ ಹಿಡಿದುಕೊಂಡು ಹತ್ತಿದಳು. ಒಂದೊಂದು ಕುಂಡಕ್ಕೆ ಒಂದೊಂದು ಲೋಟ, ಮಣ್ಣು ಏಳದ ಹಾಗೆ ಕೈ ಅಡ್ಡ ಹಿಡಿದು. ನಡುವೆ ಎರಡು ಸಲ ಇಳಿದು, ಸ್ಟೂಲ್ ಸರಿಸಿ, ಮತ್ತೆ ಹತ್ತಿದಳು. ಒಂದು ಕಡೆ ಪಟ್ಟಿ ಬಿಚ್ಚಿಕೊಂಡಿತ್ತು. ತುಟಿಯಲ್ಲಿ ಕಚ್ಚಿಕೊಂಡಿದ್ದ ನೀಲಿ ಬಟ್ಟೆಯ ಅಂಚನ್ನು ತೆಗೆದು ಸುತ್ತಿ, ಗಂಟು ಹಾಕಿ, ಉಳಿದದ್ದನ್ನು ಹಲ್ಲಲ್ಲೇ ಕತ್ತರಿಸಿದಳು. ಕೊಡ ಖಾಲಿಯಾಯಿತು. ಮನೆಗೆ ಬೇಕಲ್ಲ, ಇನ್ನೊಂದು ಕೊಡಕ್ಕೆ ಮತ್ತೆ ಬೀದಿಗೆ ಹೋದಳು.

ಬೆಳಿಗ್ಗೆ ಅವಳು, ಸಂಜೆ ನಾನು. ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು. ಕೊಂದದ್ದು ನಾವಿಬ್ಬರೂ ಸೇರಿ.

ಬೈಯಲು ಬಾಯಿ ತುಂಬ ಮಾತು ಹೊಂದಿಸಿಕೊಂಡಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ. ಅದಕ್ಕೂ ಸಿಟ್ಟು ಬಂತು. ಅಲ್ಲೇ ನಿಂತಿದ್ದೆ. ಕೊನೆಗೆ ಇವರು ಒಳಗಿನಿಂದ, ಬಚ್ಚಲಲ್ಲೇ ನಿದ್ದೆ ಹೋದೆಯಾ ಎಂದು ಕೂಗಿದರು.

ಜುಲೈ 30

ಇಷ್ಟು ವರ್ಷ ಮಾತು ಬಿಟ್ಟವಳ ಹತ್ತಿರ ಇದ್ದಕ್ಕಿದ್ದ ಹಾಗೆ ಹೇಗೆ ಮಾತಾಡುವುದು? ಮರಕ್ಕೆ ಹೇಳಿದೆ. ಸ್ಟೂಲ್ ಮೇಲೆ ನಿಂತು, ಎಲೆ ಕೀಳುವ ನೆಪದಲ್ಲಿ, ಗಟ್ಟಿಯಾಗಿ, "ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ನೀರು ಕುಡಿಸಿದ್ರೆ ಯಾವ ಗಿಡದ ಹೊಟ್ಟೆ ತಡೆಯುತ್ತೆ?"

ಆಚೆ ಪಾತ್ರೆಯ ಸದ್ದು ನಿಂತಿತು. ಉತ್ತರ ಬಂತು, ಅದೂ ನನಗಲ್ಲ, ಗೋಡೆಯ ಮೇಲೆ ಕೂತಿದ್ದ ಕಾಗೆಗೆ.

"ಸಂಜೆ ಹಾಕ್ತಾರೆ ಅಂತ ಯಾರಿಗೆ ಗೊತ್ತಿತ್ತು? ಅವನು ಮಲಗಿದಾನೆ, ಗಿಡ ಒಣಗ್ತವೆ ಅಂತ ಹಾಕ್ದೆ. ನಮ್ಮ ಅಂಗಳದಲ್ಲಿ ಬಿದ್ದ ಅನ್ನೋ ಸಂಕಟ ನಮಗೂ ಇರಲ್ವಾ?"

ಕಾಗೆ ಹಾರಿಹೋಯಿತು. ನಾನೂ ಇಳಿದು ಒಳಗೆ ಬಂದೆ.

ಆಗಸ್ಟ್ 3

ಐದು ಕುಂಡ ಹೋದವು. ಇನ್ನು ಕೆಲವು ಹೇಳುವ ಹಾಗಿಲ್ಲ. ನಾಲ್ಕು ದಿನ ಯಾರೂ ನೀರು ಹಾಕಲಿಲ್ಲ.

ಬೆಳಿಗ್ಗೆ ಹೊತ್ತು ಒಬ್ಬರೇ ಹಾಕಬೇಕು, ಬೆರಳಿಟ್ಟು ನೋಡಿಯೇ ಹಾಕಬೇಕು ಎಂದು ಇವತ್ತು ಮತ್ತೆ ಮರಕ್ಕೆ ಹೇಳಿದೆ. ಎಷ್ಟು ಆಳ ಬೆರಳು ಇಡಬೇಕು ಎಂದು ಆಚೆಯಿಂದ ಪ್ರಶ್ನೆ ಬಂತು. ಗೋಡೆಯ ಮೇಲಿಂದ ಅದನ್ನು ಹೇಗೆ ತೋರಿಸುವುದು? ಹೋದೆ. ಅವರ ತೋರುಬೆರಳು ಹಿಡಿದು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿದೆ. ಏನೂ ತಿಳಿಯುವುದಿಲ್ಲ ಅಂದರು. ಬೆರಳ ತುದಿ ನೋಡಿದೆ, ಸೂಜಿ ಚುಚ್ಚಿ ಚುಚ್ಚಿ ತೊಗಟೆಯ ಹಾಗೆ ಒರಟಾಗಿದೆ. ಒದ್ದೆಯೂ ಒಂದೇ, ಒಣಗಿದ್ದೂ ಒಂದೇ. ಬೇರೆ ಬೇರೆ ಬೆರಳು ಹಾಕಿಸಿ ನೋಡಿದೆ. ಕಿರುಬೆರಳಿಗೆ ತಿಳಿಯಿತು.

"ಇದೊಂದು ಕೆಲಸಕ್ಕೆ ಬಂತಲ್ಲ" ಅಂದರು, ಕಿರುಬೆರಳು ಎತ್ತಿ ಹಿಡಿದು. ನಗು ಬಂದದ್ದನ್ನು ತೋರಿಸಲಿಲ್ಲ.

ನೀರು ನಮ್ಮ ಪೈಪಿನಿಂದಲೇ ಹಿಡಿದುಕೊಳ್ಳಲಿ ಎಂದೆ. ಬೀದಿಯ ನಲ್ಲಿಯಲ್ಲಿ ಕ್ಲೋರಿನ್ ಜಾಸ್ತಿ. ಸಸಿಗೆ ಒಳ್ಳೆಯದಲ್ಲ.

ಆಗಸ್ಟ್ 22

ಎರಡು ದಿನ ಮಳೆ. ಹನ್ನೊಂದು ಕುಂಡಗಳಲ್ಲಿ ಹೊಸ ಚಿಗುರು, ಉಳಿದವು ಹೋದವು. ಇವರು ಎದ್ದು ಕೂತು ಊಟ ಮಾಡಿದರು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಜಗಳವನ್ನೂ ಮಾಡಿದರು. ಹುಷಾರಾಗುತ್ತಿದ್ದಾರೆ.

ಸೆಪ್ಟೆಂಬರ್ 14

ಇವತ್ತು ಅರ್ಧ ಕೊಯ್ತ. ರೆಂಬೆಯನ್ನು ಒಂದೇ ಸಲ ಮರದಿಂದ ಬಿಡಿಸಿದರೆ ಕಸಿಗೆ ಆಘಾತವಾಗುತ್ತದೆ. ಮೊದಲು ಅರ್ಧ ಕೊಯ್ದು, ಎರಡು ವಾರ ಬಿಟ್ಟು, ರೆಂಬೆ ಸಸಿಯ ಬೇರಿನಿಂದಲೇ ಉಣ್ಣಲು ಕಲಿತ ಮೇಲೆ ಪೂರ್ತಿ ಬಿಡಿಸಬೇಕು.

ಇವರು ದಿಂಬಿನ ಕೆಳಗಿನಿಂದ ಚಾಕು ತೆಗೆದು ಕೊಟ್ಟರು. ಕೊಡುವಾಗ ಮುಖ ನೋಡಬೇಕಿತ್ತು, ಮಗಳನ್ನು ಕಳಿಸಿಕೊಡುವವರ ಹಾಗೆ. ಆಮೇಲೆ ಕಿಟಕಿಯಿಂದ ಒಂದೇ ಸಮನೆ ಕೂಗುತ್ತಿದ್ದರು, ಗಂಟಿಗೆ ತಾಗಿಸಬೇಡ, ಓರೆ ಹಿಡಿ, ಚಾಕು ಒರೆಸಿಕೋ. ಮೊದಲ ರೆಂಬೆಗೆ ಚಾಕು ಇಟ್ಟು ತೆಗೆದೆ, ಮತ್ತೆ ಇಟ್ಟೆ. ಆಚೆಮನೆಯ ಅಕ್ಕ ಕುಂಡ ಅಲ್ಲಾಡದ ಹಾಗೆ ಹಿಡಿದಿದ್ದರು. "ಬಟ್ಟೆಗೆ ಕತ್ತರಿ ಹಾಕೋವಾಗ ನಾನು ಉಸಿರು ಬಿಡಲ್ಲ. ಕತ್ತರಿಸಿ ಆಮೇಲೆ ಬಿಡು" ಅಂದರು. ಹಾಗೇ ಮಾಡಿದೆ. ಬಿಳಿ ಹಾಲು ಬಂತು. ಎರಡನೆಯದಕ್ಕೆ ಕೈ ಹಿಂಜರಿಯಲಿಲ್ಲ. ಇವರು ಕೂಗುವುದನ್ನೂ ನಿಲ್ಲಿಸಿದರು.

ಸಂಜೆ ಮೇಸ್ತ್ರಿ ಬಂದ. ಒಂದು ಕೆಲಸ ತಪ್ಪಿಹೋಗಿದೆ, ಆಳುಗಳು ಖಾಲಿ ಕೂತಿದ್ದಾರೆ, ನಾಡಿದ್ದೇ ಮರ ಕಡಿದುಬಿಡುತ್ತೇನೆ ಅಂದ. ಈಗ ಬಿಟ್ಟರೆ ಇನ್ನೊಂದು ದೊಡ್ಡ ಕಟ್ಟಡ ಒಪ್ಪಿಕೊಂಡಿದ್ದಾನಂತೆ, ಅದು ಮುಗಿಯುವವರೆಗೆ ಈ ಕಡೆ ತಲೆ ಹಾಕುವುದಿಲ್ಲವಂತೆ. ನಾನು ಗೋಡೆಯ ಈಚೆ ಒದ್ದೆ ಬಟ್ಟೆ ಹಿಂಡುತ್ತಿದ್ದೆ. ಹಿಂಡಿದ್ದನ್ನೇ ಹಿಂಡಿದೆ. ನಾಡಿದ್ದು ಕಡಿದರೆ ಅರ್ಧ ಕೊಯ್ದ ಹನ್ನೊಂದೂ ಸಾಯುತ್ತವೆ. ಅವರ ಮನೆ, ಅವರ ತೊಟ್ಟಿ, ಕೊಡ ಹೊರುವ ಮಂಡಿಯೂ ಅವರದೇ. ಯಾವ ಬಾಯಲ್ಲಿ ಕೇಳಲಿ?

ಅಕ್ಕ ಅವನಿಗೆ ಹೇಳಿದ್ದು ಕೇಳಿಸಿತು. "ಆ ಕೆಲಸ ಮುಗಿಸ್ಕೊಂಡೇ ಬಾಪ್ಪ. ಇಲ್ಲಿ ಇನ್ನೂ ಬಿಡಿಸೋದು ಬಾಕಿ ಇದೆ."

ಮೇಸ್ತ್ರಿ ಗೊಣಗಿಕೊಂಡು ಹೋದ. ಬಚ್ಚಲಿಗೆ ಹೋಗಿ ಅತ್ತೆ. ಯಾಕೆಂದು ಸರಿಯಾಗಿ ಗೊತ್ತಿಲ್ಲ. ಬೆಳಗಿನಿಂದ ನಿಂತು ಸೊಂಟ ಬೇರೆ ನೋಯುತ್ತಿತ್ತು.

ಸೆಪ್ಟೆಂಬರ್ 15

ಪೈಪನ್ನು ಗೋಡೆಯ ಮೇಲಿಂದ ಆಚೆ ಎಸೆದೆ. ಡ್ರಮ್ಮು ಇದ್ದರೆ ಇದರ ಕೆಳಗಿಡಿ ಎಂದೆ. ಇಟ್ಟರು. ಎರಡು ಡ್ರಮ್ಮು, ಒಂದು ಹಂಡೆ, ನಾಲ್ಕು ಕೊಡ. ತುಂಬುವವರೆಗೆ ಇಬ್ಬರೂ ಗೋಡೆಯ ಆಚೀಚೆ ನಿಂತಿದ್ದೆವು. ಇವರ ಕಾಲಿನ ವಿಷಯ, ಭಾವನ ಸಕ್ಕರೆ ಕಾಯಿಲೆಯ ವಿಷಯ. ಕಾರ್ಖಾನೆಯ ಸೂಪರ್‌ವೈಸರ್ ನಡೆಯುವುದನ್ನು ಅಕ್ಕ ಮಾಡಿ ತೋರಿಸಿದರು, ಗೋಡೆಯ ಮೇಲೆ ತಲೆ ಮಾತ್ರ ಕಾಣುತ್ತಿತ್ತು, ಅಷ್ಟಕ್ಕೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಹಂಡೆ ತುಂಬಿ ಚೆಲ್ಲಿತು.

ಸೆಪ್ಟೆಂಬರ್ 29

ಪೂರ್ತಿ ಬಿಡಿಸಿದೆವು. ಒಂದು ಗಂಟು ಬಾಯಿ ಬಿಟ್ಟಿತ್ತು, ಕೂಡಿರಲಿಲ್ಲ. ಇನ್ನೊಂದು ನನ್ನ ಅವಸರಕ್ಕೆ ಮುರಿಯಿತು. ಒಂಬತ್ತು ಉಳಿದವು. ಮಧ್ಯಾಹ್ನವೆಲ್ಲ ಒಂದೊಂದಾಗಿ ಸಣ್ಣ ಬಾಗಿಲಿನಿಂದ ನಮ್ಮ ಕಡೆಯ ನೆರಳಿಗೆ ಸಾಗಿಸಿದೆವು. ಅಕ್ಕ ಕುಂಡವನ್ನು ಎದೆಗೆ ಒತ್ತಿಕೊಂಡು ಬರುತ್ತಿದ್ದರು, ಮೆಟ್ಟಿಲು ಬಂದಾಗ ಕಾಲಿಂದ ತಡವಿ ನೋಡಿ. ಈ ಕುಟುಂಬದಲ್ಲಿ ಒಬ್ಬರು ಬಿದ್ದದ್ದು ಸಾಕು ಅಂದರು.

ಇವರು ವಾಕರ್ ಹಿಡಿದು ಹಿತ್ತಿಲವರೆಗೆ ಬಂದರು. ಒಂದು ಗಂಟನ್ನು ಹೆಬ್ಬೆರಳಿಂದ ಸವರಿ ನೋಡಿದರು. ಇನ್ನೊಂದನ್ನೂ ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ, ಅದೆಲ್ಲ ಇವರ ಬಾಯಲ್ಲಿ ಬರುವುದಿಲ್ಲ. ಚಾಕು ವಾಪಸ್ ಕೊಡಲು ಹೋದೆ. "ನಿನ್ ಹತ್ರನೇ ಇರಲಿ" ಅಂದರು.

ಅಕ್ಟೋಬರ್ 18

ಮೇಸ್ತ್ರಿ ಇವತ್ತು ಬಂದ. ಬೆಳಿಗ್ಗೆ ಶುರುವಾದ ಗರಗಸ ಊಟದ ಹೊತ್ತಿಗೆ ನಿಂತಿತು. ಗೋಡೆಯ ಮೇಲೆ ಈಗ ಆಕಾಶ ಮಾತ್ರ. ಇವರು ಕಿಟಕಿ ಮುಚ್ಚು ಅಂದರು.

ನಾನು ಆಚೆ ಹೋದೆ. ಅಕ್ಕ ಕೆಲಸಕ್ಕೆ ರಜೆ ಹಾಕಿ, ಬುಡದ ಮೇಲೆ ಕೂತಿದ್ದರು. ಹಾಲು ಇನ್ನೂ ಒಸರುತ್ತಿತ್ತು, ಬಟ್ಟೆಗೆ ಅಂಟುತ್ತದೆ ಏಳಿ ಅಂದೆ. ಏಳಲಿಲ್ಲ. ಪಕ್ಕದಲ್ಲಿ ಕೂತೆ.

"ಮರ ಯಾಕೆ ಅಂದಿದ್ದೆ ನಾನು" ಅಂದರು.

"ಅಂದಿದ್ರಿ" ಅಂದೆ.

ಆಳುಗಳು ಕೊಂಬೆಗಳನ್ನು ಎಳೆದುಕೊಂಡು ಹೋಗುತ್ತಿದ್ದರು. ಬಲಿಯದ ಕಾಯಿಗಳು ಅಂಗಳದ ತುಂಬ ಚೆಲ್ಲಾಡಿದ್ದವು. ಅಕ್ಕ ಒಂದನ್ನು ಎತ್ತಿಕೊಂಡು ಉಗುರಿಂದ ಗೀರಿದರು, ಒಳಗೆ ಹಸಿರು. ನನಗೆ ದುಃಖ ತಡೆಯಲಾಗಲಿಲ್ಲ. ಅವರೂ ಅತ್ತರು. ಮೇಸ್ತ್ರಿ ನಮ್ಮಿಬ್ಬರನ್ನೂ ನೋಡಿ, ಕಡಿಸಿದವರೂ ನೀವೇ ಅಳುವವರೂ ನೀವೇ ಎನ್ನುವ ಮುಖ ಮಾಡಿಕೊಂಡು ಟೀ ಕುಡಿಯಲು ಹೋದ.

ಒಂಬತ್ತರಲ್ಲಿ ಒಂದು ನಿಮ್ಮದು ಎಂದೆ. ಎಲ್ಲಿ ನೆಡಲಿ, ತೊಟ್ಟಿ ಕಟ್ಟಿ ಉಳಿದ ಕಡೆಯೆಲ್ಲ ಸಿಮೆಂಟು ಹಾಕಿಸುತ್ತಾರೆ, ಒಂದು ಬೊಗಸೆ ಮಣ್ಣಿರುವುದಿಲ್ಲ ಅಂದರು. ಆಮೇಲೆ ನಮ್ಮ ಹಿತ್ತಿಲಿಗೆ ಬಂದು, ಗೋಡೆಯಿಂದ ದೂರ, ನಮ್ಮ ನೀರಿನ ಪೈಪುಗಳಿಂದಲೂ ದೂರ, ಒಂದು ಜಾಗ ತೋರಿಸಿದರು. ಇವರು ವಾಕರ್ ಮೇಲೆ ಭಾರ ಹಾಕಿ, ಅಲ್ಲಿ ಬಿಸಿಲು ಸಾಲದು ಅಂದರು. ಸಾಲುತ್ತದೆ ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು. ಗುಂಡಿ ನಾನು ತೆಗೆದೆ.

ನವೆಂಬರ್ 6

ಎಂಟು ಕಸಿಗಳಿಗೆ ನೆರಳು ಸ್ವಲ್ಪ ಕಡಿಮೆ ಮಾಡಿದೆ. ಬೀಜಕ್ಕೆ ಹೊಸ ಮಣ್ಣು ಕಲಸಬೇಕು, ಮರಳು ತರಿಸಬೇಕು. ಇವರು ಒಂದು ಕೋಲಿನಲ್ಲಿ ನಡೆಯುತ್ತಾರೆ, ಹಿಂದೆ ನಿಂತು ಎಲ್ಲದಕ್ಕೂ ತಪ್ಪು ಹುಡುಕುತ್ತಾರೆ. ಗೋಡೆಯ ಬಾಗಿಲಿನ ಚಿಲಕಕ್ಕೆ ತುಕ್ಕು ಹಿಡಿದಿದೆ, ತೆಗೆದು ಹಾಕುವುದು ಕಷ್ಟ, ಹಾಗಾಗಿ ಹಾಕುವುದನ್ನು ಬಿಟ್ಟಿದ್ದೇನೆ.

ಬೆಳಿಗ್ಗೆ ಎದ್ದು, ಚೊಂಬಿನಲ್ಲಿ ನೀರು ತೆಗೆದುಕೊಂಡು ನೆಟ್ಟ ಗಿಡದ ಹತ್ತಿರ ಹೋದೆ. ಬುಡದ ಮಣ್ಣಿನಲ್ಲಿ ಒಂದು ಸಣ್ಣ ತೂತು ಇತ್ತು, ಕಿರುಬೆರಳಿನಷ್ಟು. ಸುತ್ತ ಮಣ್ಣು ಆಗತಾನೆ ಒದ್ದೆಯಾಗಿತ್ತು.

ನಾನು ಬೆರಳಿಟ್ಟು ನೋಡಲಿಲ್ಲ. ಚೊಂಬಿನ ನೀರಿನಲ್ಲಿ ಕಾಲು ತೊಳೆದುಕೊಂಡು ಒಳಗೆ ಬಂದೆ.